ನಮ್ಮ ಬಡಾವಣೆಯ ಅಂಗನವಾಡಿ: ಮಗಳನ್ನು ಸೇರಿಸಿ ಒಂದು ವರ್ಷ ಆದ ಮೇಲೆ ನನ್ನ ರಿವ್ಯೂ

ಮೈಸೂರಿನ ನಮ್ಮ ಬಡಾವಣೆಯ ಅಂಗನವಾಡಿಗೆ ನಾನು 5ಕ್ಕೆ 4 ಸ್ಟಾರ್ ಕೊಡುತ್ತೇನೆ. ಒಂದು ಸ್ಟಾರ್ ಕಡಿಮೆ ಆಗಿದ್ದು ಜಾಗಕ್ಕೆ ಮತ್ತು ಟಾಯ್ಲೆಟ್‌ಗೆ, ಅದನ್ನು ಆಮೇಲೆ ಹೇಳುತ್ತೇನೆ. ಊಟಕ್ಕೆ, ಆಟಕ್ಕೆ, ಮಧ್ಯಾಹ್ನದ ನಿದ್ದೆಗೆ ಪೂರ್ತಿ ಮಾರ್ಕ್ಸ್. ಮಗಳನ್ನು ಅಲ್ಲಿಗೆ ಸೇರಿಸಿದ್ದು ಯಾಕೆ ಅಂದರೆ ಅವಳ ತೂಕ ಜಾಸ್ತಿ ಆಗಿತ್ತು. ಹೌದು, ಜಾಸ್ತಿ. ಅಂಗನವಾಡಿ ಅಂದರೆ ತೂಕ ಕಡಿಮೆ ಇರುವ ಮಕ್ಕಳಿಗೆ ಅಂತಲೇ ನಾವೆಲ್ಲ ಅಂದುಕೊಂಡಿರುತ್ತೇವೆ. ನಾನೂ ಹಾಗೇ ಅಂದುಕೊಂಡಿದ್ದೆ.

ಅದಕ್ಕೆ ಮುಂಚೆ ಅವಳು ಒಂದು ಪ್ಲೇ ಹೋಂಗೆ ಹೋಗುತ್ತಿದ್ದಳು. ಹೆಸರು ಬೇಡ. ತಿಂಗಳಿಗೆ 6,500 ರೂಪಾಯಿ, ಗೋಡೆ ತುಂಬ ಚಿತ್ರ, ಎಲ್ಲ ರೂಮಿಗೂ ಕ್ಯಾಮೆರಾ. ಅಲ್ಲಿನವರು ಕೆಟ್ಟವರಲ್ಲ, ಮಕ್ಕಳನ್ನು ಪ್ರೀತಿಯಿಂದಲೇ ನೋಡಿಕೊಳ್ಳುತ್ತಿದ್ದರು. ಆದರೆ ಹತ್ತೂವರೆಗೆ ಕ್ರೀಮ್ ಬಿಸ್ಕತ್ತು, ಮಧ್ಯಾಹ್ನ ಮೂರಕ್ಕೆ ಪ್ಯಾಕೆಟ್ ಜ್ಯೂಸು, ವಾರಕ್ಕೆ ಒಂದಾದರೂ ಹುಟ್ಟುಹಬ್ಬದ ಕೇಕು. ಊಟದ ಹೊತ್ತಿಗೆ ಟಿವಿಯಲ್ಲಿ ರೈಮ್ಸ್ ಹಾಕುತ್ತಿದ್ದರು. ಟಿವಿ ನೋಡುತ್ತಾ ಮಕ್ಕಳು ಬಾಯಿ ತೆರೆಯುತ್ತಾರೆ, ಆಯಾ ತುತ್ತು ಹಾಕುತ್ತಾ ಹೋಗುತ್ತಾರೆ, ಡಬ್ಬಿ ಖಾಲಿ. "ಇವತ್ತು ಪೂರ್ತಿ ಖಾಲಿ ಮಾಡಿದಳು" ಅಂತ ವಾಟ್ಸಾಪ್‌ನಲ್ಲಿ ಮೆಸೇಜ್ ಬಂದರೆ ನನಗೆ ಆಫೀಸಿನಲ್ಲಿ ಸಮಾಧಾನ. ಮನೆಯಲ್ಲೂ ನಾವು ಅದನ್ನೇ ಮಾಡುತ್ತಿದ್ದೆವು. ಫೋನು ಕೈಗೆ ಕೊಟ್ಟು ತುತ್ತು ಹಾಕುವುದು, ಹಾಲಿಗೆ ಚಾಕೊಲೇಟ್ ಪುಡಿ ಮೂರು ಚಮಚ ಬೆರೆಸುವುದು. ಮಗು ಗುಂಡುಗುಂಡಾಗಿದೆ ಅಂತ ನೆಂಟರೆಲ್ಲ ಕೆನ್ನೆ ಹಿಂಡುತ್ತಿದ್ದರು. ನಮ್ಮ ಅತ್ತೆ ಪ್ರತಿ ಅಮಾವಾಸ್ಯೆಗೂ ದೃಷ್ಟಿ ತೆಗೆಯುತ್ತಿದ್ದರು.

ಮೂರೂವರೆ ವರ್ಷ ಆದಾಗ ಕೆಮ್ಮು ಅಂತ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಅವರು ಕೆಮ್ಮು ನೋಡುವ ಮುಂಚೆ ತೂಕ, ಎತ್ತರ ಎರಡೂ ನೋಡಿದರು. 18 ಕೆಜಿ 400 ಗ್ರಾಂ, 98 ಸೆಂಟಿಮೀಟರ್. "ಈ ಎತ್ತರಕ್ಕೆ 15 ಕೆಜಿ ಆಸುಪಾಸು ಇರಬೇಕಿತ್ತಮ್ಮ" ಅಂದರು. "ಇನ್ನೂ ಚಿಕ್ಕವಳು ಡಾಕ್ಟ್ರೇ, ಓಡಾಡ್ತಾ ಓಡಾಡ್ತಾ ಕರಗುತ್ತೆ ಅಲ್ವಾ" ಅಂದೆ. ಅವರು ಚೀಟಿಯ ಹಿಂದುಗಡೆ ಪೆನ್ನಿನಲ್ಲಿ ಒಂದು ಗೆರೆ ಎಳೆದು ತೋರಿಸಿದರು. ಅದು ಎತ್ತರಕ್ಕೆ ಹೋಲಿಸಿದ ತೂಕದ ಗೆರೆ. ಮೊದಲ ವರ್ಷ ಮಗು ಮೈ ತುಂಬಿಕೊಳ್ಳುತ್ತದೆ, ಗೆರೆ ಮೇಲೆ ಹೋಗುತ್ತದೆ. ನಡೆಯಲು ಶುರುಮಾಡಿದ ಮೇಲೆ ನಿಧಾನವಾಗಿ ಸಣ್ಣಗಾಗುತ್ತಾ ಬರುತ್ತದೆ. ಐದಾರು ವರ್ಷದ ಹೊತ್ತಿಗೆ ಗೆರೆ ತಳ ಮುಟ್ಟುತ್ತದೆ, ಪಕ್ಕೆಲುಬು ಕಾಣುವಷ್ಟು ತೆಳ್ಳಗಿರುವುದೂ ಆ ವಯಸ್ಸಿನಲ್ಲಿ ಮಾಮೂಲು. ಆಮೇಲೆ ಮತ್ತೆ ಏರುತ್ತದೆ. ಈ ಎರಡನೇ ಏರಿಕೆ ಐದಕ್ಕಿಂತ ಮುಂಚೆ, ಮೂರಕ್ಕೋ ನಾಲ್ಕಕ್ಕೋ ಶುರುವಾಗಿಬಿಟ್ಟರೆ ದೊಡ್ಡವರಾದ ಮೇಲೆ ಬೊಜ್ಜು ಬರುವ ಸಾಧ್ಯತೆ ಜಾಸ್ತಿ ಅಂತೆ. ನನ್ನ ಮಗಳ ಗೆರೆ ಇಳಿಯಬೇಕಾದ ಕಡೆ ಏರುತ್ತಿತ್ತು.

"ತೂಕ ಇಳಿಸೋದು ಬೇಡ, ಊಟ ಕಡಿಮೆ ಮಾಡೋದೂ ಬೇಡ. ತೂಕ ಇಲ್ಲೇ ಇರಲಿ, ಎತ್ತರ ಬಂದು ಅದನ್ನ ಹಿಡ್ಕೊಳ್ಳುತ್ತೆ. ನೀವು ದಿನಚರಿ ಮಾತ್ರ ಸರಿ ಮಾಡಿ" ಅಂದರು. ಆ ಮಾತು ನನ್ನ ಭಯವನ್ನು ಅರ್ಧ ಕಡಿಮೆ ಮಾಡಿತು.

ಉಳಿದ ಅರ್ಧ ಭಯ ಇಟ್ಟುಕೊಂಡು ರಾತ್ರಿ ಕೂತು ಓದಿದೆ. 2018ರಲ್ಲಿ ಜರ್ಮನಿಯ ಲೈಪ್‌ಜಿಗ್‌ನ ಸಂಶೋಧಕರು 51 ಸಾವಿರಕ್ಕೂ ಹೆಚ್ಚು ಮಕ್ಕಳ ತೂಕ, ಎತ್ತರದ ದಾಖಲೆ ಇಟ್ಟುಕೊಂಡು ಒಂದು ಅಧ್ಯಯನ ಪ್ರಕಟಿಸಿದ್ದಾರೆ. ಮೂರನೇ ವಯಸ್ಸಿನಲ್ಲಿ ಬೊಜ್ಜು ಇದ್ದ ಮಕ್ಕಳಲ್ಲಿ 100ಕ್ಕೆ ಸುಮಾರು 90 ಮಕ್ಕಳು ಹದಿಹರೆಯದಲ್ಲೂ ದಪ್ಪಗೇ ಇದ್ದರು. ಬೊಜ್ಜಿರುವ ಹದಿಹರೆಯದ ಮಕ್ಕಳ ತೂಕ ಅತಿ ವೇಗವಾಗಿ ಏರಿದ್ದು ಎರಡರಿಂದ ಆರು ವರ್ಷದ ಒಳಗೆ. ನನ್ನ ಮಗಳು ಆಗ ಸರಿಯಾಗಿ ಆ ವಯಸ್ಸಿನಲ್ಲೇ ಇದ್ದಳು.

ಇನ್ನೊಂದು ವಿಷಯ ಓದಿ ಆಶ್ಚರ್ಯ ಆಯಿತು, ಯಾಕೆಂದರೆ ಅದು ನಮ್ಮೂರಿನದೇ. ಮೈಸೂರಿನವರು ಮಿಷನ್ ಆಸ್ಪತ್ರೆ ಅನ್ನುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997–98ರಲ್ಲಿ ಬಸುರಿಯರನ್ನು ಸೇರಿಸಿಕೊಂಡು, ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಅಳೆಯುತ್ತಾ ಬಂದಿದ್ದಾರೆ. ಅಲ್ಲಿ ಕಂಡಿದ್ದು ಇದು: ನಮ್ಮ ಕೂಸುಗಳು ಬ್ರಿಟನ್ನಿನ ಕೂಸುಗಳಿಗಿಂತ ಚಿಕ್ಕವು, ತೂಕ ಕಡಿಮೆ, ತೋಳು ಸಣ್ಣ, ಆದರೆ ಬೆನ್ನಿನ ಚರ್ಮದ ಕೆಳಗಿನ ಕೊಬ್ಬು ಮಾತ್ರ ಅಷ್ಟೇನೂ ಕಡಿಮೆ ಇಲ್ಲ. ನಾಲ್ಕು ವರ್ಷ ಆದಾಗಲೂ ಹಾಗೇ. ಅಂದರೆ ನಮ್ಮ ಮಕ್ಕಳು ಸಣ್ಣಗೆ ಕಂಡರೂ ಒಳಗೆ ಕೊಬ್ಬು ಕೂಡಿಡುವ ಮೈಯವರು. ಸಕ್ಕರೆ ಕಾಯಿಲೆ ಮನೆಮನೆಯಲ್ಲೂ ಇರುವ ಊರಿನಲ್ಲಿ ಇದನ್ನು ಓದಿ ಸುಮ್ನೆ ಮಲಗಲು ಆಗಲಿಲ್ಲ. ನನ್ನ ಅಪ್ಪನಿಗೂ ಇದೆ, ಮಾವನಿಗೂ ಇದೆ.

ಅಂಗನವಾಡಿ ನನ್ನ ಕಣ್ಣಿಗೆ ಬಿದ್ದಿದ್ದು ಪೋಲಿಯೋ ಹನಿ ಹಾಕಿಸಲು ಹೋದ ಭಾನುವಾರ. ಗೋಡೆಯ ಮೇಲೆ ವಾರದ ಊಟದ ಪಟ್ಟಿ ಬರೆದಿದ್ದರು. ಸೋಮವಾರದಿಂದ ಶನಿವಾರದವರೆಗೆ ಓದಿಕೊಂಡು ಹೋದೆ, ಬಿಸ್ಕತ್ತು ಎಲ್ಲೂ ಇರಲಿಲ್ಲ. ಮಂಗಳವಾರ ರಜೆ ಹಾಕಿ ಊಟದ ಹೊತ್ತಿಗೆ ಹೋಗಿ ಬಾಗಿಲಲ್ಲಿ ನಿಂತೆ. ಮಿಸ್ ಒಳಗೆ ಕರೆದರು. "ನಿಮ್ಮ ಮಗುನ ಇಲ್ಲಿಗೆ ಕಳಿಸ್ತೀರಾ ಮೇಡಂ?" ಅಂತ ಎರಡು ಸಲ ಕೇಳಿದರು. ನಮ್ಮ ಬೀದಿಯಿಂದ ಯಾರೂ ಕಳಿಸಿರಲಿಲ್ಲ.

ಈಗ ಊಟದ ವಿಷಯ. ಹನ್ನೆರಡೂವರೆಗೆ ಮಕ್ಕಳೆಲ್ಲ ಸಾಲಾಗಿ ನಿಂತು ಕೈ ತೊಳೆಯುತ್ತಾರೆ. ಚಾಪೆಯ ಮೇಲೆ ಚಕ್ಕಳ ಮಕ್ಕಳ ಹಾಕಿ ಕೂರುತ್ತಾರೆ. ಸಹಾಯಕಿ ಅಮ್ಮ ತಟ್ಟೆಗೆ ಸ್ವಲ್ಪವೇ ಬಡಿಸುತ್ತಾರೆ, ನಾವು ಮನೆಯಲ್ಲಿ ಹಾಕುವುದರ ಅರ್ಧ ಅನ್ನಿ. ಆಮೇಲೆ ಸಾಲಿನಲ್ಲಿ ಒಂದು ಸುತ್ತು ಬಂದು "ಬೇಕಾ ಕಂದಾ?" ಅಂತ ಕೇಳುತ್ತಾರೆ. ಬೇಕು ಅಂದವರಿಗೆ ಹಾಕುತ್ತಾರೆ, ಸಾಕು ಅಂದವರಿಗೆ ಇಲ್ಲ. ಯಾರೂ ಬಾಯಿಗೆ ತುರುಕುವುದಿಲ್ಲ, ಕಥೆ ಹೇಳಿ ಏಮಾರಿಸಿ ಒಂದು ತುತ್ತು ಜಾಸ್ತಿ ಹಾಕುವುದಿಲ್ಲ. ಟಿವಿ ಇಲ್ಲ, ಫೋನಿಲ್ಲ. ಮೂರು ವರ್ಷದ ಮಕ್ಕಳು ತಮ್ಮ ಕೈಯಲ್ಲೇ ಅನ್ನ ಕಲಸಿಕೊಂಡು ತಿನ್ನುತ್ತಾರೆ, ಅರ್ಧ ಚೆಲ್ಲುತ್ತಾರೆ, ಯಾರೂ ಬೈಯುವುದಿಲ್ಲ.

ಇದು ಎಷ್ಟು ದೊಡ್ಡ ವಿಷಯ ಅಂತ ನನಗೆ ಆಮೇಲೆ ಗೊತ್ತಾಯಿತು. ಹೊಟ್ಟೆ ತುಂಬಿತು ಅಂತ ಗೊತ್ತಾಗುವ ಶಕ್ತಿ ಮಕ್ಕಳಿಗೆ ಹುಟ್ಟಿನಿಂದಲೇ ಇರುತ್ತದೆ. ಹಾಲು ಸಾಕಾದ ಕೂಸು ಮುಖ ತಿರುಗಿಸುತ್ತದೆ, ಅಲ್ವಾ? ಟಿವಿ ತೋರಿಸಿ ತಿನ್ನಿಸಿದರೆ ಮಗುವಿನ ಗಮನ ಪರದೆ ಮೇಲೆ ಇರುತ್ತದೆ, ಹೊಟ್ಟೆಯ ಮಾತು ಕೇಳುವುದಿಲ್ಲ. ದಿನಾ ಹೀಗೆ ಆದರೆ ಆ ಶಕ್ತಿ ಮೊಂಡಾಗುತ್ತದೆ. ಏನು ಕೊಡಬೇಕು, ಯಾವಾಗ ಕೊಡಬೇಕು ಅನ್ನುವುದು ದೊಡ್ಡವರ ಕೆಲಸ, ಎಷ್ಟು ತಿನ್ನಬೇಕು ಅನ್ನುವುದು ಮಗುವಿನ ಕೆಲಸ ಅಂತ ಮಕ್ಕಳ ಆಹಾರ ತಜ್ಞರು ಹೇಳುತ್ತಾರೆ. ನಮ್ಮ ಸಹಾಯಕಿ ಅಮ್ಮ ಆ ಪಾಠ ಯಾವ ಪುಸ್ತಕದಲ್ಲೂ ಓದಿದವರಲ್ಲ. ಮೂವತ್ತು ಮಕ್ಕಳಿಗೆ ಒಬ್ಬರೇ ಬಡಿಸುವವರಿಗೆ ಒಬ್ಬೊಬ್ಬರ ಬಾಯಿಗೆ ತುರುಕಲು ಸಮಯ ಎಲ್ಲಿ? ಅದೇ ನಮ್ಮ ಮಕ್ಕಳಿಗೆ ಒಳ್ಳೆಯದಾಗಿದೆ.

ಮೊದಲ ದಿನ ನನ್ನ ಮಗಳು ತಟ್ಟೆ ಮುಟ್ಟಲಿಲ್ಲ. ಎರಡನೇ ದಿನವೂ ಇಲ್ಲ. ನಾನು ಗೇಟಿನ ಹೊರಗೆ ನಿಂತು ಒದ್ದಾಡುತ್ತಿದ್ದೆ. "ಬಿಡಿ ಮೇಡಂ, ಹಸಿದ್ರೆ ತಿಂತಾಳೆ. ಪಕ್ಕದವರನ್ನ ನೋಡ್ತಾ ಕೂತಿದ್ದಾಳೆ, ಅದೇ ಶುರು" ಅಂದರು ಮಿಸ್. ನಾಲ್ಕನೇ ದಿನ ಸಾಂಬಾರಿನ ಅನ್ನ ತಿಂದಳು. ಸೊಪ್ಪು ಕಂಡರೆ ಉಗಿಯುತ್ತಿದ್ದವಳು ಮೂರನೇ ವಾರ ಪಕ್ಕದ ಹುಡುಗನ ಜೊತೆ ಪೈಪೋಟಿಗೆ ಬಿದ್ದು ಕಿಚಡಿಯಲ್ಲಿನ ಸೊಪ್ಪು ತಿಂದಳಂತೆ. ಹೊಸ ರುಚಿ ಒಪ್ಪಿಕೊಳ್ಳಲು ಚಿಕ್ಕ ಮಕ್ಕಳಿಗೆ ಎಂಟು ಹತ್ತು ಸಲವಾದರೂ ಅದು ತಟ್ಟೆಗೆ ಬರಬೇಕು. ನಾನು ಎರಡನೇ ಸಲಕ್ಕೇ "ಇವಳಿಗೆ ಸೊಪ್ಪು ಸೇರಲ್ಲ" ಅಂತ ತೀರ್ಮಾನ ಮಾಡಿ ನಿಲ್ಲಿಸಿಬಿಟ್ಟಿದ್ದೆ.

ನಮ್ಮ ಕೇಂದ್ರದ ಊಟ ಸರಳ. ಅನ್ನ ಸಾಂಬಾರು, ಕಿಚಡಿ, ಉಪ್ಪಿಟ್ಟು, ಕೆಲವು ದಿನ ಮೊಳಕೆ ಕಾಳು, ವಾರಕ್ಕೆ ಎರಡು ದಿನ ಬೇಯಿಸಿದ ಮೊಟ್ಟೆ, ಬೆಳಿಗ್ಗೆ ಒಂದು ಲೋಟ ಹಾಲು. ರುಚಿ ಹೇಗಿದೆ ಅಂತ ಕೇಳಿದರೆ, ನಾನೂ ಒಂದು ದಿನ ತಿಂದೆ, ಉಪ್ಪು ಖಾರ ಕಡಿಮೆ, ಮನೆಯ ಊಟದ ಹಾಗೇ ಇದೆ. ಒಂದು ತಕರಾರು ಇದೆ. ಹಾಲಿಗೆ ಸಕ್ಕರೆ ಹಾಕುತ್ತಾರೆ. ತೂಕ ಕಡಿಮೆ ಇರುವ ಮಕ್ಕಳೂ ಇರುವ ಕಡೆ ಅದು ಯಾಕೆ ಅಂತ ಅರ್ಥ ಆಗುತ್ತದೆ. ನನ್ನ ಮಗಳ ಲೋಟಕ್ಕೆ ಸಕ್ಕರೆ ಹಾಕುವ ಮುಂಚೆ ತೆಗೆದಿಡಿ ಅಂತ ಕೇಳಿಕೊಂಡೆ, ಒಪ್ಪಿಕೊಂಡರು. ಈಗ ಅವಳಿಗೆ ಬರೀ ಹಾಲೇ ಅಭ್ಯಾಸ.

ಆ ಚಾಕೊಲೇಟ್ ಪುಡಿಯ ಬಗ್ಗೆ ಒಂದು ಮಾತು. ನಮ್ಮ ಮನೆಯ ಡಬ್ಬಿಯ ಹಿಂದೆ ಕನ್ನಡಕ ಹಾಕಿಕೊಂಡು ಓದಿದರೆ ಮೂರನೇ ಒಂದು ಭಾಗದಷ್ಟು ಸಕ್ಕರೆಯೇ ಇತ್ತು. 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಇಂಥ ಪುಡಿಗಳನ್ನು ಆನ್‌ಲೈನ್ ಅಂಗಡಿಗಳಲ್ಲಿ ಹೆಲ್ತ್ ಡ್ರಿಂಕ್ ಅನ್ನುವ ವಿಭಾಗದಿಂದ ತೆಗೆಯಿರಿ ಅಂತ ಹೇಳಿತು. ಡಬ್ಬಿ ಮೇಲೆ ಓಡುವ ಹುಡುಗನ ಚಿತ್ರ ನೋಡಿ ಕೊಂಡವರಲ್ಲಿ ನಾನೂ ಒಬ್ಬಳು. ಈಗ ಮನೆಯಲ್ಲಿ ರಾಗಿ ಮಾಲ್ಟ್ ಮಾಡುತ್ತೇವೆ. ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಮಿಲ್ಲಿನಲ್ಲಿ ಬೀಸಿಸಿಕೊಂಡು ಬರುತ್ತೇವೆ. ಮೊಳಕೆ ಬಂದ ರಾಗಿಗೆ ಅದರದೇ ಒಂದು ಸಿಹಿ ಇರುತ್ತದೆ, ಬೆಲ್ಲ ಬೇಕು ಅನಿಸುವುದಿಲ್ಲ.

ಆಟಕ್ಕೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದ ಒಳಗಿನ ಮಕ್ಕಳ ದಿನಚರಿ ಬಗ್ಗೆ ಒಂದು ಮಾರ್ಗಸೂಚಿ ಕೊಟ್ಟಿದೆ. ಮೂರು ನಾಲ್ಕು ವರ್ಷದ ಮಗು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸಬೇಕು, ಅದರಲ್ಲಿ 60 ನಿಮಿಷ ಏದುಸಿರು ಬರುವ ಹಾಗೆ ಓಡಬೇಕು ಕುಣಿಯಬೇಕು. ಪರದೆ ಒಂದು ಗಂಟೆ ಮೀರಬಾರದು. ನಿದ್ದೆ 10ರಿಂದ 13 ಗಂಟೆ. ನಾನು ಮನೆಯಲ್ಲಿ ಒಂದು ಭಾನುವಾರ ಲೆಕ್ಕ ಹಾಕಿ ನೋಡಿದ್ದೆ. ಪರದೆ ಮೂರೂವರೆ ಗಂಟೆ, ಓಟ ಇಪ್ಪತ್ತು ನಿಮಿಷ. ಅಪಾರ್ಟ್‌ಮೆಂಟಿನಲ್ಲಿ ಓಡಿದರೆ ಕೆಳಗಿನ ಮನೆಯವರು ಬೆಲ್ ಒತ್ತುತ್ತಾರೆ. ಅಂಗನವಾಡಿಯಲ್ಲಿ ಬೆಳಿಗ್ಗೆ ಕೆರೆ ದಡ, ಕಣ್ಣಾಮುಚ್ಚಾಲೆ, ಹಾಡಿಗೆ ಕುಣಿಯುವುದು, ಮಧ್ಯಾಹ್ನ ಎದ್ದ ಮೇಲೆ ಮತ್ತೆ ಅಂಗಳದಲ್ಲಿ ಓಟ. ಆಟದ ಸಾಮಾನು ಅಂತ ದೊಡ್ಡದಾಗಿ ಏನೂ ಇಲ್ಲ. ಎರಡು ಚೆಂಡು, ಒಂದಷ್ಟು ಮರದ ತುಂಡು, ಹಳೇ ಟೈರು. ಸಂಜೆ ಮನೆಗೆ ಬಂದಾಗ ಮಗಳ ಕಾಲು ಪೂರ್ತಿ ಮಣ್ಣು, ಮುಖದ ತುಂಬ ಬೆವರಿನ ಗೆರೆ. ಅದನ್ನು ನೋಡಿ ನನಗೆ ಎಷ್ಟು ಖುಷಿ ಆಗುತ್ತಿತ್ತು ಅಂದರೆ ಮೊದಲ ವಾರ ದಿನಾ ಫೋಟೋ ತೆಗೆದಿದ್ದೇನೆ.

ಊಟ ಆದ ಮೇಲೆ ಚಾಪೆ ಹಾಸಿ ಎಲ್ಲರನ್ನೂ ಮಲಗಿಸುತ್ತಾರೆ. ಒಂದೂಕಾಲು ಗಂಟೆ ನಿದ್ದೆ. ನಿದ್ದೆಗೂ ತೂಕಕ್ಕೂ ಏನು ಸಂಬಂಧ ಅಂತ ನನಗೆ ಗೊತ್ತಿರಲಿಲ್ಲ. ಕಡಿಮೆ ನಿದ್ದೆ ಮಾಡುವ ಚಿಕ್ಕ ಮಕ್ಕಳಲ್ಲಿ ಮುಂದೆ ತೂಕ ಏರುವುದು ಜಾಸ್ತಿ ಅಂತ ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡಿದೆ. ನಿದ್ದೆ ಕೆಟ್ಟರೆ ಹಸಿವಿನ ಹಾರ್ಮೋನು ಏರುಪೇರಾಗುತ್ತದೆ, ಎಚ್ಚರ ಇರುವಷ್ಟು ಹೊತ್ತೂ ಬಾಯಾಡಿಸುವುದೂ ಜಾಸ್ತಿ. ನಮ್ಮ ಮನೆಯಲ್ಲಿ ಅವಳು ರಾತ್ರಿ ಹನ್ನೊಂದಕ್ಕೆ ಮಲಗುತ್ತಿದ್ದಳು. ಈಗ ಆಡಿ ದಣಿದು ಎಂಟೂವರೆಗೆಲ್ಲ ಕಣ್ಣು ಎಳೆಯುತ್ತದೆ, ಒಂಬತ್ತಕ್ಕೆ ನಿದ್ದೆ.

ತೂಕ, ಎತ್ತರ ನೋಡುವ ವಿಷಯ ಗಮನ ಇಟ್ಟು ಓದಿ. ಪ್ರತಿ ತಿಂಗಳೂ ಇಲ್ಲಿ ತೂಕ, ಎತ್ತರ ಎರಡೂ ಅಳೆದು ಪೋಷಣ್ ಟ್ರ್ಯಾಕರ್ ಅನ್ನುವ ಆ್ಯಪ್‌ಗೆ ಹಾಕುತ್ತಾರೆ. ಯಾವ ಪ್ಲೇ ಹೋಂನಲ್ಲೂ ನಾನು ಇದನ್ನು ನೋಡಿಲ್ಲ. ಆದರೆ ತಾಯಿ ಕಾರ್ಡಿನಲ್ಲಿ ನಾನು ನೋಡುತ್ತಿದ್ದುದು ವಯಸ್ಸಿಗೆ ತಕ್ಕ ತೂಕದ ಚಾರ್ಟ್. ಡಾಕ್ಟರ್ ತೂಕ ಜಾಸ್ತಿ ಅಂದ ದಿನವೂ ಆ ಚಾರ್ಟಿನಲ್ಲಿ ನನ್ನ ಮಗಳು ಹಸಿರು ಬಣ್ಣದ ಒಳಗೇ ಇದ್ದಳು. ಎತ್ತರಕ್ಕೆ ತಕ್ಕ ತೂಕ ಅನ್ನುವ ಲೆಕ್ಕದಲ್ಲಿ ಮಾತ್ರ ಗೆರೆ ದಾಟಿರುವುದು ಕಾಣುತ್ತಿತ್ತು. ಹಾಗಾಗಿ ಮಿಸ್ ಹತ್ತಿರ "ಎತ್ತರಕ್ಕೆ ತಕ್ಕ ತೂಕ ಎಷ್ಟು ಬಂತು" ಅಂತ ಕೇಳಿ. ಆ್ಯಪ್‌ನಲ್ಲಿ ಅದು ಬರುತ್ತದೆ, ತೋರಿಸುತ್ತಾರೆ.

ಅಂಗನವಾಡಿ ವ್ಯವಸ್ಥೆ ಶುರುವಾಗಿದ್ದು 1975ರ ಅಕ್ಟೋಬರ್ 2ರಂದು, ದೇಶದ 33 ಕಡೆ. ಕರ್ನಾಟಕದಲ್ಲಿ ಮೊದಲು ಬಂದಿದ್ದು ನಮ್ಮ ಪಕ್ಕದ ತಿ. ನರಸೀಪುರಕ್ಕೆ. ಆಗ ಚಿಂತೆ ಇದ್ದಿದ್ದು ಹಸಿವಿನದು, ಅದು ಇವತ್ತಿಗೂ ಮುಗಿದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ 100 ಮಕ್ಕಳಲ್ಲಿ 35 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರ ಇಲ್ಲ. ಅದೇ ಸಮೀಕ್ಷೆಯಲ್ಲಿ ದೇಶದಲ್ಲಿ ತೂಕ ಜಾಸ್ತಿ ಇರುವ ಚಿಕ್ಕ ಮಕ್ಕಳು ಹಿಂದಿನ ಸಮೀಕ್ಷೆಯ ಶೇ 2.1ರಿಂದ ಶೇ 3.4ಕ್ಕೆ ಏರಿದ್ದಾರೆ. ನನ್ನ ಮಗಳ ಪಕ್ಕ ಕೂತು ಊಟ ಮಾಡುವ ಹುಡುಗನ ತೂಕ ಕಡಿಮೆ, ಇವಳದು ಜಾಸ್ತಿ. ಇಬ್ಬರಿಗೂ ಬೇಕಾಗಿದ್ದು ಅದೇ ಕಾಳು, ಅದೇ ಸೊಪ್ಪು, ಅದೇ ಮೊಟ್ಟೆ, ಅದೇ ಅಂಗಳ. ಅವನು ಎರಡು ಸಲ ಹಾಕಿಸಿಕೊಳ್ಳುತ್ತಾನೆ, ಇವಳು ಒಂದು ಸಲ.

ಈಗ ಕೊರತೆಗಳು. ಜಾಗ ಚಿಕ್ಕದು. ಒಂದೇ ದೊಡ್ಡ ರೂಮು, ಅದರಲ್ಲೇ ಪಾಠ, ಊಟ, ನಿದ್ದೆ. ಮಳೆ ಬಂದರೆ ಅಂಗಳಕ್ಕೆ ಬಿಡುವುದಿಲ್ಲ, ಆವತ್ತು ಓಟ ಇಲ್ಲ. ಟಾಯ್ಲೆಟ್ ಒಂದೇ ಇದೆ, ನೀರು ಬರದ ದಿನ ಕಷ್ಟ. ಮಗಳು ಮೊದಲ ತಿಂಗಳು ತಡೆದುಕೊಂಡು ಮನೆಗೇ ಬರುತ್ತಿದ್ದಳು, ಅದು ನನಗೆ ತುಂಬ ಬೇಜಾರಾದ ವಿಷಯ. ನಾವು ಕೆಲವು ಪೋಷಕರು ಸೇರಿ ಒಂದು ಡ್ರಮ್ಮು, ಎರಡು ಬಕೆಟ್ಟು ಕೊಡಿಸಿದ ಮೇಲೆ ಸ್ವಲ್ಪ ಸುಧಾರಿಸಿದೆ. ಮಿಸ್‌ಗೆ ಮಕ್ಕಳ ಕೆಲಸದ ಜೊತೆ ಸರ್ವೆ, ಸಭೆ ಅಂತ ನೂರೆಂಟು ಕೆಲಸ, ಅವರು ಹೊರಗೆ ಹೋದ ದಿನ ಸಹಾಯಕಿ ಅಮ್ಮ ಒಬ್ಬರೇ. ಸಂಜೆ ನಾಲ್ಕಕ್ಕೆ ಬಾಗಿಲು ಹಾಕುತ್ತಾರೆ. ಮನೆಯಲ್ಲಿ ಅಜ್ಜಿಯೋ ತಾತನೋ ಇಲ್ಲದೆ ಗಂಡ ಹೆಂಡತಿ ಇಬ್ಬರೂ ಆರರವರೆಗೆ ಕೆಲಸ ಮಾಡುವವರಿಗೆ ಇದು ಹೊಂದುವುದಿಲ್ಲ. ಇಂಗ್ಲಿಷ್ ಬೇಕು ಅನ್ನುವವರಿಗೆ ಇಲ್ಲಿ ಹಾಡಿನಲ್ಲಿ ಬರುವಷ್ಟು ಮಾತ್ರ ಸಿಗುತ್ತದೆ.

ಮನೆ ಬದಲಾಗದೆ ಇದ್ದಿದ್ದರೆ ಅಂಗನವಾಡಿ ಒಂದರಿಂದಲೇ ಏನೂ ಆಗುತ್ತಿರಲಿಲ್ಲ. ಊಟದ ಹೊತ್ತಿಗೆ ಟಿವಿ ಬಂದ್ ಮಾಡಿದೆವು, ನಾವೂ ಫೋನು ಬದಿಗಿಟ್ಟೆವು. ಅತ್ತೆಯನ್ನು ಒಪ್ಪಿಸುವುದು ಕಷ್ಟ ಆಯಿತು. "ಮಗು ಸೊರಗಿಹೋಗುತ್ತೆ ಕಣಮ್ಮ" ಅಂತ ಎರಡು ತಿಂಗಳು ಹೇಳಿದರು. ಅವರ ಪ್ರೀತಿ ಅಂಥದ್ದು, ಅವರ ಕಾಲದಲ್ಲಿ ಸೊರಗಿದ ಮಕ್ಕಳು ಉಳಿಯದೇ ಇದ್ದಿದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಒಂದು ದಿನ ಅವರನ್ನೇ ಮಗಳನ್ನು ಕರೆತರಲು ಕಳಿಸಿದೆ. ಮೊಮ್ಮಗಳು ತನ್ನ ತಟ್ಟೆ ತಾನೇ ತೊಳೆದಿಟ್ಟು ಬಂದಿದ್ದನ್ನು ನೋಡಿ ಬಂದವರು ಆಮೇಲೆ ಒಂದು ಮಾತೂ ಆಡಲಿಲ್ಲ. ಹಬ್ಬಕ್ಕೆ ಒಬ್ಬಟ್ಟು ಇದೆ, ಪಾಯಸ ಇದೆ, ಅದನ್ನು ನಿಲ್ಲಿಸಿಲ್ಲ. ದಿನದ ಬಿಸ್ಕತ್ತು ನಿಂತಿದೆ.

ಕಳೆದ ತಿಂಗಳು ಮತ್ತೆ ಅಳೆದರು. ಎತ್ತರ 105 ಸೆಂಟಿಮೀಟರ್, ತೂಕ 19 ಕೆಜಿ 200 ಗ್ರಾಂ. ಒಂದು ವರ್ಷದಲ್ಲಿ ಏಳು ಸೆಂಟಿಮೀಟರ್ ಬೆಳೆದಿದ್ದಾಳೆ, ತೂಕ ಏರಿದ್ದು 800 ಗ್ರಾಂ ಮಾತ್ರ. ಇನ್ನೂ ಸ್ವಲ್ಪ ಜಾಸ್ತಿಯೇ ಇದ್ದಾಳೆ. ಆದರೆ ಡಾಕ್ಟರ್ ಎಳೆದ ಗೆರೆ ಈಗ ಕೆಳಮುಖ ಆಗಿದೆ. ಇದನ್ನು ಬರೆಯುವಾಗಲೂ ಕಣ್ಣು ಒದ್ದೆ ಆಗುತ್ತಿದೆ.

ಸೇರಿಸಬೇಕು ಅನಿಸಿದರೆ, ಮೂರು ವರ್ಷ ತುಂಬಿದ್ದರೆ ಸಾಕು, ಫೀಸು ಇಲ್ಲ. ನಮ್ಮ ಕಡೆ ಜನನ ಪ್ರಮಾಣಪತ್ರ, ಆಧಾರ್, ತಾಯಿ ಕಾರ್ಡ್ ಕೇಳಿದರು. ಎಲ್ಲ ಅಂಗನವಾಡಿಯೂ ಒಂದೇ ಥರ ಇರುವುದಿಲ್ಲ, ಆದ್ದರಿಂದ ಹೇಳದೆ ಕೇಳದೆ ಮಧ್ಯಾಹ್ನ ಹನ್ನೆರಡೂವರೆಗೆ ಹೋಗಿ. ತಟ್ಟೆಯಲ್ಲಿ ಏನಿದೆ, ಬಡಿಸುವವರು "ಬೇಕಾ" ಅಂತ ಕೇಳುತ್ತಾರಾ, ಮಕ್ಕಳು ತಾವೇ ತಿನ್ನುತ್ತಾರಾ ನೋಡಿ. ಟಾಯ್ಲೆಟ್‌ನ ನಲ್ಲಿ ತಿರುಗಿಸಿ ನೀರು ಬರುತ್ತದಾ ನೋಡಿ. ಮೊದಲ ವಾರ ಮಗು ಊಟ ಮಾಡದಿದ್ದರೆ ಗಾಬರಿಯಾಗಿ ಬ್ಯಾಗಿನಲ್ಲಿ ಬಿಸ್ಕತ್ತು ಇಟ್ಟು ಕಳಿಸಬೇಡಿ. ನಾನು ಎರಡನೇ ದಿನ ಇಟ್ಟಿದ್ದೆ, ಮಿಸ್ ಸಂಜೆ ಅದನ್ನು ಹಾಗೇ ವಾಪಸ್ ಕೊಟ್ಟರು.